ಗೋಡೌನ್ ಫೋರ್ಕ್‌ಲಿಫ್ಟ್‌ಗೆ ಬ್ಲೂ ಲೈಟ್: ಎಲ್ಲಿ ಹಾಕಬೇಕು, ಎಷ್ಟು ದೂರಕ್ಕೆ ಬೀಳಬೇಕು?

ದಾಬಸ್‌ಪೇಟೆ ಸ್ಟೋರ್ಸ್

ಎಲ್ಲರಿಗೂ ನಮಸ್ಕಾರ. ಗೋಡೌನಿನ ವಿವರ ಮೊದಲೇ ಕೊಟ್ಟುಬಿಡ್ತೀನಿ. 48 ವೋಲ್ಟಿನ ಎಲೆಕ್ಟ್ರಿಕ್ ಫೋರ್ಕ್‌ಲಿಫ್ಟ್ 4, ರೀಚ್ ಟ್ರಕ್ (ಕಿರಿದಾದ ಸಾಲಿನೊಳಗೆ ಎತ್ತರಕ್ಕೆ ಸರಕು ಇಡುವ ಗಾಡಿ) 2, ಹೊರಗಿನ ಅಂಗಳಕ್ಕೆ 3 ಟನ್ನಿನ ಡೀಸೆಲ್ ಗಾಡಿ 1. ಛಾವಣಿ ಎತ್ತರ 11 ಮೀಟರ್. ರ‍್ಯಾಕ್ ಸಾಲುಗಳೆಲ್ಲ ಬಂದು ಕೂಡುವ ಅಡ್ಡದಾರಿ 4.5 ಮೀಟರ್ ಅಗಲ. ಡಾಕ್ ಶಟರ್ (ಲಾರಿ ಬಂದು ನಿಲ್ಲುವ ಬಾಗಿಲು) 6, ಎಲ್ಲವೂ ಪಶ್ಚಿಮಕ್ಕೆ. ಪಿಕಿಂಗ್ ಹುಡುಗರು, ಹಮಾಲರು, ಬಿಲ್ ಹಿಡಿದು ಬರುವ ಲಾರಿ ಡ್ರೈವರ್‌ಗಳು, ಎಲ್ಲರೂ ಅದೇ ಅಡ್ಡದಾರಿಯಲ್ಲಿ ಓಡಾಡೋದು. ಪ್ರತಿ ಗಾಡಿಗೆ ಮುಂದೊಂದು ಬ್ಲೂ ಸ್ಪಾಟ್ (ಗಾಡಿ ಬರ್ತಿದೆ ಅಂತ ಮುಂಚೆಯೇ ನೆಲದ ಮೇಲೆ ನೀಲಿ ಚುಕ್ಕಿ ಬೀಳಿಸುವ ಲೈಟ್) ಹಾಕಿಸಲು ಮ್ಯಾನೇಜ್‌ಮೆಂಟ್ ಒಪ್ಪಿದೆ. ಆರ್ಡರ್ ಹಾಕುವ ಮೊದಲು ಏನೇನು ನೋಡಬೇಕು?

ಮಾಸ್ಟ್ ಮತ್ತು ಚೈನ್

ಒಂದೇ ಲೈಟಿಗೆ ದುಡ್ಡು ಇದೆ ಅಂದ್ರೆ ಅದನ್ನು ಹಿಂದಕ್ಕೆ ಹಾಕಿಸಿ, ಮುಂದಕ್ಕಲ್ಲ. ಎತ್ತರದ ಲೋಡ್ ಇದ್ದಾಗ ಆಪರೇಟರ್‌ಗೆ ಮುಂದೆ ಕಾಣಲ್ಲ, ಹಾಗಾಗಿ ರಿವರ್ಸ್‌ನಲ್ಲೇ ಓಡಿಸ್ತಾನೆ, ಓಡಿಸಲೂ ಬೇಕು. ಅಂಥ ಹೊತ್ತಲ್ಲಿ ಮೂಲೆಯಿಂದ ಮೊದಲು ಹೊರಗೆ ಬರೋದು ಗಾಡಿಯ ಹಿಂಬದಿಯ ಭಾರ, ಅಂದ್ರೆ ಕೌಂಟರ್‌ವೇಟ್. ಮುಂದಿನ ಲೈಟಿನ ಬೆಳಕು ಆಗ ಲೋಡಿನ ಬೆನ್ನಿಗೋ ಮಾಸ್ಟಿಗೋ (ಫೋರ್ಕ್ ಏರಿಳಿಯುವ ಕಂಬ) ಬಡಿದು ಅಲ್ಲೇ ನಿಂತಿರುತ್ತೆ.

ಇನ್ನು ದೂರ. ಡಬ್ಬಿಯ ಮೇಲೆ "3ರಿಂದ 6 ಮೀಟರ್" ಅಂತ ಇರುತ್ತೆ. ಅದು ಲೈಟಿನಿಂದ ಅಳೆದ ದೂರ. ಮನುಷ್ಯನಿಗೆ ಮೊದಲು ಬಡಿಯೋದು ಲೈಟಲ್ಲ, ಫೋರ್ಕಿನ ತುದಿ. ಲೈಟು ಓವರ್‌ಹೆಡ್ ಗಾರ್ಡಿನ (ಆಪರೇಟರ್ ತಲೆಯ ಮೇಲಿನ ಚೌಕಟ್ಟು) ಮುಂದಿನ ಅಂಚಿನಲ್ಲಿ, ನೆಲದಿಂದ 2.1 ಮೀಟರ್ ಮೇಲೆ ಇದೆ ಅಂದ್ಕೊಳ್ಳಿ. ಅಲ್ಲಿಂದ ಮಾಸ್ಟ್, ಕ್ಯಾರೇಜ್ ದಾಟಿ 1070 ಮಿ.ಮೀ. ಫೋರ್ಕಿನ ತುದಿಗೆ ಹೋಗುವಷ್ಟರಲ್ಲಿ ಸುಮಾರು 2 ಮೀಟರ್ ಮುಗಿದಿರುತ್ತೆ. ನಿಮ್ಮ ಗಾಡಿಯಲ್ಲಿ ಎಷ್ಟು ಅಂತ ಟೇಪ್ ಹಿಡಿದೇ ನೋಡಿ. ಚುಕ್ಕಿ 4 ಮೀಟರಿಗೆ ಬಿದ್ದರೆ ಫೋರ್ಕಿನ ಮುಂದೆ ಉಳಿಯೋದು ಬರೀ 2 ಮೀಟರ್. ಗಂಟೆಗೆ 10 ಕಿ.ಮೀ. ಅಂದ್ರೆ ಸೆಕೆಂಡಿಗೆ 2.8 ಮೀಟರ್. ಮೂಲೆಯಲ್ಲಿ ನೀಲಿ ಚುಕ್ಕಿ ಕಂಡ ಮುಕ್ಕಾಲು ಸೆಕೆಂಡಿಗೆ ಫೋರ್ಕ್ ಮೊಣಕಾಲ ಹತ್ತಿರ ಇರುತ್ತೆ.

ನಡೆಯುವವನಿಗೆ ಒಂದೂವರೆ ಸೆಕೆಂಡಾದರೂ ಸಿಗಬೇಕು ಅಂದ್ರೆ ತುದಿಯಿಂದ 4.2, ಲೈಟಿನಿಂದ 6.2 ಮೀಟರ್ ಬೇಕು. ಲೈಟನ್ನು ಸಮತಲದಿಂದ ಸುಮಾರು 19 ಡಿಗ್ರಿ ಕೆಳಕ್ಕೆ ಬಗ್ಗಿಸಿದರೆ ಅಲ್ಲಿಗೆ ಬೀಳುತ್ತೆ. ಅಷ್ಟು ದೂರಕ್ಕೆ ಅಗ್ಗದ ಲೈಟು ಸೋಲುತ್ತೆ: 3 ಮೀಟರಿನಿಂದ 6ಕ್ಕೆ ಹೋದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ, ಜೊತೆಗೆ ಓರೆಯಾಗಿ ಬಿದ್ದು ಚುಕ್ಕಿ ಉದ್ದಕ್ಕೆ ಎಳೆದುಕೊಳ್ಳುತ್ತೆ. ಲೆನ್ಸ್ ಚೆನ್ನಾಗಿರೋದನ್ನೇ ತಗೊಳ್ಳಿ. ಒಂದು ಪೀಸ್ ತರಿಸಿ, ನಿಮ್ಮದೇ ನೆಲದ ಮೇಲೆ, ಹಗಲು ಹೊತ್ತಲ್ಲಿ, 6 ಮೀಟರಿಗೆ ಬಿಟ್ಟು ನೋಡಿದ ಮೇಲೆ ಉಳಿದದ್ದಕ್ಕೆ ಆರ್ಡರ್ ಹಾಕಿ.

ಇಎಚ್‌ಎಸ್ ಡೆಸ್ಕ್

ಮೇಲಿನ ಲೆಕ್ಕವನ್ನೇ ತಿರುಗಿಸಿ ನೋಡಿ. ಅಡ್ಡದಾರಿಯಲ್ಲಿ ವೇಗವನ್ನು 6 ಕಿ.ಮೀ.ಗೆ ಇಳಿಸಿದರೆ ಅದೇ ಒಂದೂವರೆ ಸೆಕೆಂಡಿಗೆ ತುದಿಯಿಂದ 2.5 ಮೀಟರ್ ಸಾಕು. ಎಲೆಕ್ಟ್ರಿಕ್ ಗಾಡಿಯ ಕಂಟ್ರೋಲರ್‌ನಲ್ಲಿ ವೇಗ ಮಿತಿ ಹಾಕೋದು ಸರ್ವಿಸ್‌ನವರಿಗೆ ಲ್ಯಾಪ್‌ಟಾಪ್ ಕೆಲಸ, ಬಿಡಿಭಾಗ ಬೇಕಿಲ್ಲ. ಲೈಟಿಗಿಂತ ಮೊದಲು ಇದನ್ನು ಕೇಳಿ.

ಇನ್ನೊಂದು ಖರ್ಚಿಲ್ಲದ ಕೆಲಸ ಇದೆ. ಪ್ರತಿ ರ‍್ಯಾಕ್ ಸಾಲಿನ ಕೊನೆಯ ಬೇಯಲ್ಲಿ (ಎರಡು ಕಂಬಗಳ ನಡುವಿನ ಜಾಗ) ನೆಲದ ಹಂತವನ್ನು ಖಾಲಿ ಬಿಡಿ. ಬಿಡಲಾಗದಿದ್ದರೆ 1 ಮೀಟರ್ ದಾಟದ ಸರಕು ಮಾತ್ರ ಇಡಿ. ಮೂಲೆಯ ಆಚೆಯಿಂದ ಬರುವವನ ತಲೆ-ಭುಜ ರ‍್ಯಾಕಿನೊಳಗಿಂದಲೇ ಕಾಣುತ್ತೆ. ಒಂದು ಸಾಲಿಗೆ ಎರಡೋ ಮೂರೋ ಪ್ಯಾಲೆಟ್ ಜಾಗ ಹೋಗುತ್ತೆ, ಸ್ಟೋರ್ಸ್‌ನವರು ಗೊಣಗ್ತಾರೆ. ಗೊಣಗಲಿ.

ಹುಬ್ಬಳ್ಳಿ ವೈರ್‌ಮನ್

ಸರ, ದೂರದ ಲೆಕ್ಕ ಎಲ್ಲಾ ಬರೋಬ್ಬರಿ ಐತಿ. ಆದ್ರ ಲೈಟ್ ಸುಡೂದು ವೈರಿಂಗ್‌ನ್ಯಾಗ. ಅದನ್ನ ಯಾರೂ ಬರಿಯಂಗಿಲ್ಲ, ಅದಕ್ಕ ಉದ್ದಕ ಬರೀತೇನಿ.

ಮೊದಲು ವೋಲ್ಟೇಜ್. ಅಂಗಡ್ಯಾಗ ಸಿಗೂ ಬಾಳ ಲೈಟಿನ ಮ್ಯಾಲ 10–30 ವೋಲ್ಟ್ ಅಂತ ಇರ್ತೈತಿ. ಅವು ಲಾರಿಗೆ, ನಿಮ್ಮ ಡೀಸೆಲ್ ಗಾಡಿಗೆ. 48ಕ್ಕ ಕೊಟ್ರ ಅವತ್ತ ಹೋಗ್ತಾವ. 48 ವೋಲ್ಟ್ ಲೆಡ್ ಬ್ಯಾಟರಿ ಅಂದ್ರ 24 ಸೆಲ್. ಫುಲ್ ಚಾರ್ಜ್ ಆಗಿ ಬಂದಾಗ, ಬ್ರೇಕ್ ಹಾಕಿದಾಗ ಮೋಟರ್ ತಿರುಗಿ ಕರೆಂಟ್ ಕಳಸೂ ಹೊತ್ತಿನ್ಯಾಗ ಸೆಲ್ಲಿಗೆ 2.4 ವೋಲ್ಟ್ ಹಿಡದ್ರೂ 57–58 ಆಗ್ತೈತಿ. ಲಿಥಿಯಂ ಇದ್ರ 16 ಸೆಲ್, ತುಂಬಿದಾಗ 58.4. ಅದಕ್ಕ 10–80 ಬರದದ್ದು ನಿಮಗ ನಡೀತದ. ಮುಂದ 80 ವೋಲ್ಟಿನ ಗಾಡಿ ತಗೊಂಡ್ರ ಅದಾ ಲೈಟ್ ಹಾಕಬ್ಯಾಡ್ರಿ. ಅಲ್ಲಿ 40 ಸೆಲ್, 96 ವೋಲ್ಟಿಗೆ ಮುಟ್ಟತೈತಿ. 10–110 ಇರೂದ ಬೇಕು.

ಎರಡನೇದು, 12 ವೋಲ್ಟ್ ಲೈಟ್ ಉಳದೈತಿ ಅಂತ ಬ್ಯಾಟರಿಯ 6 ಸೆಲ್ಲಿನಿಂದ ವೈರ್ ಎಳೀತಾರ. ಇದು ಬಾಳ ಕೆಟ್ಟ ಚಾಳಿ. ಆ 6 ಸೆಲ್ ಅಷ್ಟ ದಿನಾ ಹೆಚ್ಚ ಖಾಲಿ ಆಗ್ತಾವ, ಚಾರ್ಜರ್ ಮಾತ್ರ ಎಲ್ಲಾ ಸೆಲ್ಲಿಗೂ ಒಂದಾ ಸಮ ತುಂಬತೈತಿ. ಆ 6 ಅರ್ಧಮರ್ಧ ಉಳದು ಸಲ್ಫೇಟ್ ಹಿಡೀತಾವ, ಉಳದವು ಓವರ್‌ಚಾರ್ಜ್ ಆಗಿ ನೀರು ಕುಡೀತಾವ. ಲಕ್ಷಗಟ್ಟಲೆ ಬ್ಯಾಟರಿ ಒಂದು ಲೈಟಿನ ಸಲುವಾಗಿ ಹಾಳು.

ಮೂರನೇದು ಬಾಡಿ ಅರ್ಥ್. ಕಾರಿನಾಗ ನೆಗೆಟಿವ್ ಬಾಡಿಗೆ ಕಟ್ಟಿರ್ತಾರ. ಎಲೆಕ್ಟ್ರಿಕ್ ಫೋರ್ಕ್‌ಲಿಫ್ಟಿನ್ಯಾಗ ಹಂಗಿಲ್ಲ, ಬ್ಯಾಟರಿಯ ಎರಡೂ ತುದಿ ಚಾಸಿಸಿನಿಂದ ಬ್ಯಾರೆ ಇರ್ತಾವ. ಒಳಗ ನೆಗೆಟಿವನ್ನ ಲೈಟಿನ ಬಾಡಿಗೆ ಕೂಡಿಸಿದ ಲೈಟ್ ತಂದು ಬೋಲ್ಟ್ ಮಾಡಿದ್ರ ಚಾಸಿಸ್‌ಗೆ ನೆಗೆಟಿವ್ ಬಂತು. ಕೆಲವು ಗಾಡಿ ಫಾಲ್ಟ್ ತೋರಸ್ತಾವ. ತೋರಸದ ಗಾಡಿನೂ ಸುರಕ್ಷಿತ ಅಲ್ಲ, ಮುಂದ ಎಲ್ಲೆರ ಪಾಸಿಟಿವ್ ಚಾಸಿಸ್‌ಗೆ ತಾಗಿದ ದಿನ ನೇರ ಶಾರ್ಟ್. ಲೈಟ್ ಕೈಯಾಗ ಇದ್ದಾಗನ ಮೀಟರ್ ಹಚ್ಚಿ ವೈರಿಗೂ ಬಾಡಿಗೂ ಸಂಬಂಧ ಇಲ್ಲ ಅಂತ ನೋಡ್ರಿ.

ಫ್ಯೂಸ್: 10 ವ್ಯಾಟ್ ಲೈಟ್ 48ರಾಗ ಕಾಲು ಆಂಪಿಯರೂ ಎಳ್ಯಂಗಿಲ್ಲ. ನಾಕು ಲೈಟಿಗೂ 2 ಆಂಪಿಯರ್ ಸಾಕು, ವೈರ್ 1 ಚದರ ಮಿ.ಮೀ. ಆದ್ರ ಕಾರಿನ ಬ್ಲೇಡ್ ಫ್ಯೂಸಿನ ಮ್ಯಾಲ ಸಣ್ಣ ಅಕ್ಷರದಾಗ 32 ವೋಲ್ಟ್ ಅಂತ ಇರ್ತೈತಿ, ಓದ್ರಿ. 48 ಡಿಸಿಯೊಳಗ ಅದು ಕರಗಿದ ಮ್ಯಾಲೂ ಒಳಗ ಕಿಡಿ ನಿಂತು ಉರೀಬಹುದು. ಡಿಸಿ 80 ವೋಲ್ಟ್ ಅಥವಾ ಮ್ಯಾಲಿನ ರೇಟಿಂಗ್ ಇರೂ ಫ್ಯೂಸ್ ಹಾಕ್ರಿ, ಅದೂ ವೈರ್ ಹೊಂಡೂ ಜಾಗಾದಾಗ, ಲೈಟಿನ ಬುಡಕ್ಕಲ್ಲ.

ದಾಬಸ್‌ಪೇಟೆ ಸ್ಟೋರ್ಸ್

ವೈರ್‌ಮನ್ ಸರ್, ಇಷ್ಟು ಯಾವ ವೆಂಡರೂ ಹೇಳಿರಲಿಲ್ಲ. ಕೀ ಆನ್ ಆದಾಗ ಉರಿಯಬೇಕಾ, ಗೇರ್ ಹಾಕಿದಾಗ ಮಾತ್ರ ಉರಿಯಬೇಕಾ?

ಹುಬ್ಬಳ್ಳಿ ವೈರ್‌ಮನ್

ಗೇರ್ ಹಾಕಿದಾಗ ಅದೇ ದಿಕ್ಕಿನ ಲೈಟ್. ಆದ್ರ ದಿಕ್ಕಿನ ಸ್ವಿಚ್ಚಿನ ವೈರ್ ಕೊಯ್ದು ಲೈಟ್ ಕೂಡಸಬ್ಯಾಡ್ರಿ, ಅದು ಕಂಟ್ರೋಲರಿಗೆ ಹೋಗೂ ಸಿಗ್ನಲ್. ಗಾಡಿಗೆ ಆಕ್ಸೆಸರಿ ಕನೆಕ್ಟರ್ ಇದ್ರ ಅಲ್ಲಿಂದ ತಗೋರಿ, ಇಲ್ಲಾಂದ್ರ ಕಂಪನಿಯವರನ್ನ ಕೇಳಿ ರಿಲೇ ಹಾಕಸ್ರಿ. ರಿಲೇ ಕಾಯಿಲ್ 48ರದ್ದು ಇರ್ಲಿ, ಕಾಂಟ್ಯಾಕ್ಟಿನ ಡಿಸಿ ರೇಟಿಂಗೂ ನೋಡ್ರಿ.

ರೀಚ್ ಆಪರೇಟರ್

ಕೀ ಆನ್‌ಗೆ ಕೊಟ್ಟರೆ ಏನಾಗುತ್ತೆ ಅಂದ್ರೆ, ನಿಂತ ಗಾಡಿಯ ಮುಂದೆಯೂ ಇಡೀ ದಿನ ನೀಲಿ ಚುಕ್ಕಿ ಬಿದ್ದಿರುತ್ತೆ. ಹುಡುಗರು ಅದರ ಮೇಲೇ ನಡೆದು ಹೋಗಿ ಹೋಗಿ ಅಭ್ಯಾಸ ಆಗಿಬಿಡುತ್ತೆ. ಆಮೇಲೆ ಓಡುವ ಗಾಡಿಯ ಚುಕ್ಕಿಗೂ ಬೆಲೆ ಇಲ್ಲ. ಹಾಗಾಗಿ ಗೇರ್‌ಗೇ ಕೊಡಿ.

ನಮ್ಮ ಸೀಟಿನಿಂದ ಕಾಣೋದು ಇನ್ನೂ ಕೆಲವು. ಗಾಡಿಯ ಪಕ್ಕಕ್ಕೆ ಕೆಂಪು ಗೆರೆ ಬೀಳಿಸುವ ಲೈಟ್ ಇದೆಯಲ್ಲ, ಅದು ಡಾಕ್‌ನಲ್ಲಿ, ತೆರೆದ ಜಾಗದಲ್ಲಿ ಸೊಗಸಾಗಿ ಕೆಲಸ ಮಾಡುತ್ತೆ. 3 ಮೀಟರಿಗಿಂತ ಕಿರಿದಾದ ರ‍್ಯಾಕ್ ಸಾಲಿನಲ್ಲಿ ಗೆರೆ ನೆಲಕ್ಕೆ ಬೀಳೋದೇ ಇಲ್ಲ, ರ‍್ಯಾಕಿನ ಸರಕಿನ ಮೇಲೆ ಹತ್ತಿ ಕೂರುತ್ತೆ. ಸ್ಟ್ರೆಚ್ ಫಿಲ್ಮ್ ಸುತ್ತಿದ ಪ್ಯಾಲೆಟ್ ಆದರೆ ಕೆಂಪು ಮಿಂಚು ವಾಪಸ್ ನಮ್ಮ ಕಣ್ಣಿಗೇ. ರೀಚ್ ಟ್ರಕ್‌ಗೆ ಕೆಂಪು ಗೆರೆ ಬೇಡ ಅಂತ ನನ್ನ ಅಭಿಪ್ರಾಯ.

ಗಾರ್ಡಿನ ನೆತ್ತಿಯ ಮೇಲೆ ತಿರುಗುವ ಹಳದಿ ಬೀಕನ್ ಕೂಡ ಹಾಗೇ. ಒಳಗಿನ ಕೆಲಸಕ್ಕೆ ಅದು ಬರೀ ತಲೆನೋವು, ಜೊತೆಗೆ ಕಡಿಮೆ ಎತ್ತರದ ಬೀಮಿಗೆ ತಾಗಿ ಮುರಿಯುತ್ತೆ.

ಮತ್ತೆ ಜಾಕೆಟ್. ನಿಮ್ಮ ರ‍್ಯಾಕಿನ ಬೀಮ್ ಕಿತ್ತಳೆ ಬಣ್ಣದ್ದಾ? ಹೆಚ್ಚು ಕಡಿಮೆ ಎಲ್ಲ ಕಡೆ ಕಂಬ ನೀಲಿ, ಬೀಮ್ ಕಿತ್ತಳೆಯೇ ಇರುತ್ತೆ. ಹಾಗಿದ್ದರೆ ಹುಡುಗರಿಗೆ ಕಿತ್ತಳೆ ಜಾಕೆಟ್ ಕೊಡಬೇಡಿ, ಬೀಮಿನ ಜೊತೆ ಸೇರಿಹೋಗಿ ಮನುಷ್ಯ ಕಾಣೋದೇ ಇಲ್ಲ. ಗಿಳಿಹಸಿರು ಮಿಶ್ರಿತ ಹಳದಿ ಕೊಡಿ.

ಮಾಸ್ಟ್ ಮತ್ತು ಚೈನ್

ಜಾಕೆಟ್ ವಿಷಯಕ್ಕೆ ಒಂದು ಸೇರಿಸ್ತೀನಿ. ಅದರ ಬೆಳ್ಳಿ ಪಟ್ಟಿ ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುತ್ತೆ. ಆಪರೇಟರ್ ಕಣ್ಣಿನ ಹತ್ತಿರ ಹೆಡ್‌ಲೈಟ್ ಉರಿಯದಿದ್ದರೆ ಆ ಪಟ್ಟಿ ಅವನ ಪಾಲಿಗೆ ಬೂದು ಬಟ್ಟೆ. ಒಳಗೆ ಹೆಡ್‌ಲೈಟ್ ಯಾಕೆ ಅಂತ ಆಫ್ ಮಾಡಿಸುವ ಸೂಪರ್‌ವೈಸರ್‌ಗಳಿಗೆ ಇದನ್ನು ಹೇಳಿ. ಮಂಕಾದ ಸಾಲಿನೊಳಗೆ ಹೆಡ್‌ಲೈಟ್ ಬೇಕೇ ಬೇಕು, ಆದರೆ ತಗ್ಗಿಸಿ ಕಟ್ಟಿ. ಎದುರಿನ ಗಾಡಿಯವನ ಎದೆಗಿಂತ ಮೇಲಕ್ಕೆ ಬೆಳಕು ಹೋಗಬಾರದು.

ಲಕ್ಸ್ ಲೆಕ್ಕ

ಎಲ್ಲರೂ ಗಾಡಿಯ ಲೈಟಿನಲ್ಲೇ ಇದ್ದೀರಿ. ಛಾವಣಿಯ ಬೆಳಕು ಎಷ್ಟಿದೆ ಅಂತ ಅಳೆದಿದ್ದೀರಾ? ಅದನ್ನು ಅಳೆಯೋದು ಲಕ್ಸ್ ಲೆಕ್ಕದಲ್ಲಿ. ಒಳಾಂಗಣ ಬೆಳಕಿಗೆ ನಮ್ಮಲ್ಲಿ ಐಎಸ್ 3646 ಅನ್ನೋ ಮಾನದಂಡ ಇದೆ. ಯುರೋಪಿನ ಇಎನ್ 12464-1 ಪ್ರಕಾರ ಜನ ಓಡಾಡುವ ರ‍್ಯಾಕ್ ಸಾಲಿಗೆ 150 ಲಕ್ಸ್, ಪ್ಯಾಕಿಂಗ್-ಡಿಸ್ಪ್ಯಾಚ್ ಜಾಗಕ್ಕೆ 300. ಅಮೆರಿಕದ ಓಶಾ (ಕೆಲಸದ ಜಾಗದ ಸುರಕ್ಷತೆ ನೋಡುವ ಸಂಸ್ಥೆ) ನಿಯಮದಲ್ಲಿ ಸಾಮಾನ್ಯ ಬೆಳಕು ಚದರ ಅಡಿಗೆ 2 ಲೂಮೆನ್‌ಗಿಂತ, ಅಂದ್ರೆ ಸುಮಾರು 21 ಲಕ್ಸ್‌ಗಿಂತ ಕಡಿಮೆ ಇದ್ದರೆ ಗಾಡಿಗೆ ಹೆಡ್‌ಲೈಟ್ ಕಡ್ಡಾಯ. 21 ಅನ್ನೋದು ತೀರಾ ಕತ್ತಲು. ಅಷ್ಟಿದ್ದರೆ ಸಾಕು ಅಂತ ಓದಿಕೊಳ್ಳಬೇಡಿ.

ಮೊಬೈಲ್ ಆ್ಯಪ್ ಬಿಡಿ, ಲಕ್ಸ್ ಮೀಟರ್ ತನ್ನಿ. ರ‍್ಯಾಕ್ ತುಂಬಿದ ದಿನವೇ ಅಳೆಯಿರಿ, ಖಾಲಿ ರ‍್ಯಾಕಿನಲ್ಲಿ ಬರುವ ಅಂಕಿ ಬೆಳಕು ಜಾಸ್ತಿ ಇದೆ ಅಂತ ನಂಬಿಸುತ್ತೆ. ಸಾಲಿನ ಮಧ್ಯೆ, ಎರಡು ದೀಪಗಳ ನಡುವಿನ ಮಂಕು ಜಾಗದಲ್ಲಿ, ಅಡ್ಡದಾರಿ ಕೂಡುವ ಮೂಲೆಯಲ್ಲಿ ಮೀಟರನ್ನು ನೆಲಕ್ಕೆ ಇಟ್ಟು ಒಂದು ಸಲ, 1 ಮೀಟರ್ ಎತ್ತರದಲ್ಲಿ ನೆಟ್ಟಗೆ ಹಿಡಿದು ಇನ್ನೊಂದು ಸಲ. ಆ ಎರಡನೇ ಅಂಕಿಯೇ ಮುಖ್ಯ. ಆಪರೇಟರ್‌ಗೆ ಕಾಣಬೇಕಾದದ್ದು ನೆಲವಲ್ಲ, ನಿಂತ ಮನುಷ್ಯ.

ಸಾಮಾನ್ಯವಾಗಿ ಎಡವೋದು ದೀಪದ ಲೆನ್ಸಿನಲ್ಲಿ. ದುಂಡನೆಯ 120 ಡಿಗ್ರಿ ಹೈ-ಬೇ ದೀಪವನ್ನು ಎಲ್ಲ ಕಡೆ ಒಂದೇ ಅಂತರದಲ್ಲಿ ತೂಗುಹಾಕಿರ್ತಾರೆ. 11 ಮೀಟರ್ ಮೇಲಿಂದ ಅದರ ಬಹುಪಾಲು ಬೆಳಕು ಮೇಲಿನ ಹಂತದ ಪ್ಯಾಲೆಟ್‌ಗಳ ನೆತ್ತಿಗೆ ಹೋಗುತ್ತೆ. ಸಾಲಿನ ಉದ್ದಕ್ಕೆ ಚಾಚುವ, ಅಡ್ಡಕ್ಕೆ ಕಿರಿದಾದ ಲೆನ್ಸ್ ಇರುವ ಉದ್ದನೆ ದೀಪ ಬೇಕು, ಅದೂ ಸಾಲಿನ ನಡುಗೆರೆಯ ಮೇಲೆ. ವ್ಯಾಟ್ ಏರಿಸದೆಯೇ ನೆಲದ ಬೆಳಕು ಏರುತ್ತೆ.

ಕರೆಂಟ್ ಉಳಿಸಲು ಸೆನ್ಸರ್ ಹಾಕಿಸಿದ್ದರೆ ಎರಡು ವಿಷಯ ನೋಡಿ. ಶಾಖ ಗುರುತಿಸುವ ಸಾಮಾನ್ಯ ಸೆನ್ಸರ್ ಚಲನೆಯನ್ನಷ್ಟೇ ಹಿಡಿಯುತ್ತೆ. ಸಾಲಿನೊಳಗೆ ನಿಂತು ಸ್ಟಾಕ್ ಎಣಿಸುವವನು ಅದಕ್ಕೆ ಇಲ್ಲದ ಹಾಗೆ. ದೀಪ ಪೂರ್ತಿ ಆರಿದ ಹೊತ್ತಿಗೇ ರೀಚ್ ಟ್ರಕ್ ಒಳಗೆ ನುಗ್ಗಿದರೆ? ಪೂರ್ತಿ ಆರಿಸಬೇಡಿ, 20–30 ಶೇಕಡಾಕ್ಕೆ ಇಳಿಯುವ ಹಾಗೆ ಸೆಟ್ ಮಾಡಿಸಿ. ಎರಡನೆಯದು, ಸೆನ್ಸರ್ ಎಷ್ಟು ಎತ್ತರಕ್ಕೆ ಅಂತ ಅದರ ಮೇಲೆ ಬರೆದಿರುತ್ತೆ. ಕಚೇರಿಯ ಸೀಲಿಂಗಿಗೆ ಮಾಡಿದ್ದನ್ನು 11 ಮೀಟರಿಗೆ ಏರಿಸಿದರೆ ಅದು ಕುರುಡು.

ದಾಬಸ್‌ಪೇಟೆ ಸ್ಟೋರ್ಸ್

ಮೀಟರ್ ತರಿಸ್ತೀನಿ. ಪಶ್ಚಿಮದ ಶಟರ್‌ಗೆ ಏನು ಮಾಡೋದು? ಮಧ್ಯಾಹ್ನ 4ರ ಮೇಲೆ ಆಪರೇಟರ್‌ಗಳು ಕಣ್ಣು ಕಿರಿದು ಮಾಡ್ಕೊಂಡೇ ಓಡಿಸ್ತಾರೆ.

ಲಕ್ಸ್ ಲೆಕ್ಕ

ಅದೇ ನಿಮ್ಮ ಗೋಡೌನಿನ ಅತಿ ಅಪಾಯದ ಜಾಗ. ಹೊರಗೆ ಬಿಸಿಲಲ್ಲಿ ಹತ್ತಾರು ಸಾವಿರದಿಂದ ಲಕ್ಷ ಲಕ್ಸ್‌ವರೆಗೆ, ಒಳಗೆ 150. ಡೀಸೆಲ್ ಗಾಡಿ ಅಂಗಳದಿಂದ ಒಳಗೆ ಬಂದ ಮೊದಲ ಕೆಲವು ಸೆಕೆಂಡು ಆಪರೇಟರ್‌ಗೆ ಒಳಗೆ ನಿಂತವರು ಕಾಣಲ್ಲ. 3 ಸೆಕೆಂಡು ಅಂದ್ಕೊಂಡರೂ 10 ಕಿ.ಮೀ. ವೇಗದಲ್ಲಿ 8 ಮೀಟರ್ ಕುರುಡಾಗಿ ಓಡಿದ ಹಾಗೆ. ಬಾಗಿಲಿನಿಂದ ಒಳಕ್ಕೆ 10–15 ಮೀಟರ್ ಪಟ್ಟಿಯ ದೀಪಗಳನ್ನು ಬೇರೆ ಸರ್ಕ್ಯೂಟಿಗೆ ಹಾಕಿ, ಹಗಲಲ್ಲಿ 300ರಿಂದ 500 ಲಕ್ಸ್ ಇರಲಿ, ರಾತ್ರಿ ಇಳಿಸಿ. ಎಷ್ಟೋ ಕಡೆ ಇದಕ್ಕೆ ಉಲ್ಟಾ ಮಾಡ್ತಾರೆ: ಬಾಗಿಲ ಹತ್ತಿರ ಹೇಗೂ ಬೆಳಕಿದೆ ಅಂತ ಅಲ್ಲಿಯ ದೀಪ ಹಗಲಲ್ಲಿ ಆರಿಸ್ತಾರೆ.

ಲಾರಿ ನಿಂತಿಲ್ಲದ ಶಟರ್ ಇಳಿಸಿಯೇ ಇಡಿ. ನಿಂತ ಲಾರಿಯ ಸುತ್ತ ಡಾಕ್ ಶೆಲ್ಟರ್ ಪರದೆ ಇದ್ದರೆ ಬಿಸಿಲು ತೂರಿ ಬರಲ್ಲ. ಮತ್ತೆ, ಆ ಬಿಸಿಲು ಬಿದ್ದ ನೆಲದಲ್ಲಿ ನೀಲಿ ಚುಕ್ಕಿ ಕಾಣೋದೇ ಇಲ್ಲ. ಅಲ್ಲಿ ಲೈಟನ್ನು ನಂಬದೆ, ನಡೆಯುವವರ ದಾರಿಗೆ ರೇಲಿಂಗ್ ಹಾಕಿ ಬೇರೆ ಮಾಡಿ.

ರೀಚ್ ಆಪರೇಟರ್

ಕಂಟೇನರ್ ಒಳಗನ್ನೂ ಬರೀರಿ ಸರ್. 40 ಅಡಿಯದ್ದು ಒಳಗೆ 12 ಮೀಟರ್ ಉದ್ದ, 2.35 ಅಗಲ, ಕಿಟಕಿ ಇಲ್ಲ. ಹಮಾಲರು ಅದರ ತುದಿಯಲ್ಲಿ ಬಾಗಿ ಪೆಟ್ಟಿಗೆ ಜೋಡಿಸ್ತಿರ್ತಾರೆ, ಬಾಗಿಲಲ್ಲಿ ಲೋಡ್ ಹಿಡಿದ ಗಾಡಿ ಬಂದು ನಿಂತರೆ ಇದ್ದ ಬೆಳಕೂ ಹೋಯ್ತು.

ಲಕ್ಸ್ ಲೆಕ್ಕ

ಪ್ರತಿ ಶಟರ್ ಪಕ್ಕ ಗೋಡೆಗೆ ಮಡಚುವ ತೋಳಿನ ಎಲ್‌ಇಡಿ ಡಾಕ್ ಲೈಟ್. ತೋಳು ಗಾಡಿಯ ದಾರಿಗೆ ಬರಬಾರದು, ತಲೆ ಕಂಟೇನರ್ ಛಾವಣಿಯ ಕಡೆ ಸ್ವಲ್ಪ ಮೇಲಕ್ಕಿರಲಿ. ಒಳಗಿನ ಬಿಳಿ ತಗಡು ಬೆಳಕನ್ನು ಹರಡುತ್ತೆ, ಒಳಗಿಂದ ರಿವರ್ಸ್ ಬರುವ ಆಪರೇಟರ್ ಕಣ್ಣಿಗೂ ಚುಚ್ಚಲ್ಲ.

ಇಎಚ್‌ಎಸ್ ಡೆಸ್ಕ್

ಕೆಂಪು ಗೆರೆಯ ಬಗ್ಗೆ ಮೇಲೆ ಹೇಳಿದ್ದಕ್ಕೆ ನನ್ನದು ಅರ್ಧ ಒಪ್ಪಿಗೆ. ರೀಚ್ ಟ್ರಕ್‌ಗೆ ಬೇಡ, ಸರಿ. ಆದರೆ ಡಾಕ್‌ನಲ್ಲಿ ಓಡುವ 4 ಗಾಡಿಗಳಿಗೆ ಬೇಕು. ಫೋರ್ಕ್‌ಲಿಫ್ಟ್ ಹಿಂದಿನ ಚಕ್ರದಿಂದ ತಿರುಗೋದು, ಮೂತಿ ಎಡಕ್ಕೆ ಹೊರಟರೆ ಬಾಲ ಬಲಕ್ಕೆ ಬೀಸುತ್ತೆ. ಪಕ್ಕದಲ್ಲಿ ನಿಂತು ಎಣಿಸುವ ಹುಡುಗನಿಗೆ ಅದು ಗೊತ್ತಿರಲ್ಲ, ಪಾದ ಹಿಂದಿನ ಚಕ್ರಕ್ಕೆ ಸಿಗುತ್ತೆ. ಗೆರೆಯನ್ನು ಗಾಡಿಯ ಬದಿಯಿಂದ 1 ಮೀಟರಿಗೆ ಹೊಂದಿಸಿ. ಅರ್ಧ ಮೀಟರಿಗೆ ಇಟ್ಟರೆ ಬಾಲ ಗೆರೆಯನ್ನೇ ದಾಟಿ ಬರುತ್ತೆ.

ಲೈಟ್ ಕಟ್ಟಲು ಓವರ್‌ಹೆಡ್ ಗಾರ್ಡಿಗೆ ಡ್ರಿಲ್ ಹೊಡೆಯಬೇಡಿ, ವೆಲ್ಡ್ ಅಂತೂ ಬೇಡವೇ ಬೇಡ. ಅದು ಮೇಲಿನಿಂದ ಬೀಳುವ ಸರಕನ್ನು ತಡೆಯಲು ಪರೀಕ್ಷೆ ಮಾಡಿ ಕೊಟ್ಟ ಚೌಕಟ್ಟು. ಕ್ಲ್ಯಾಂಪ್ ಬ್ರಾಕೆಟ್ ಸಿಗುತ್ತೆ, ಅದರಲ್ಲಿ ಕಟ್ಟಿ. ತಯಾರಕರಿಂದ ಬರಹದಲ್ಲಿ ಒಪ್ಪಿಗೆ ತಗೊಂಡು ಗಾಡಿಯ ಫೈಲಿಗೆ ಹಾಕಿ.

ನೀಲಿ ಚುಕ್ಕಿ ಕಂಡರೆ ಏನು ಮಾಡಬೇಕು ಅನ್ನೋದನ್ನು ಹಮಾಲರಿಗೆ ಅವರ ಭಾಷೆಯಲ್ಲೇ ಹೇಳಿಸಿ. ನಮ್ಮ ಕಡೆ ಗೋಡೌನ್‌ಗಳಲ್ಲಿ ಕನ್ನಡದ ಜೊತೆ ಹಿಂದಿ, ಒಡಿಯಾ, ಬಂಗಾಳಿ ಎಲ್ಲ ಇದೆ. ನೆಲದ ಮೇಲೆ ಚುಕ್ಕಿ ಬಿಟ್ಟು, ನಿಲ್ಲಿಸಿ, ಗಾಡಿ ಹೊರಬರೋದನ್ನು ತೋರಿಸಿದರೆ ಹತ್ತು ನಿಮಿಷದ ಕೆಲಸ. ಲಾರಿ ಡ್ರೈವರ್‌ಗಳಿಗೆ ತರಬೇತಿ ಕೊಡಲು ಆಗಲ್ಲ, ದಿನಾ ಹೊಸಬರು. ಅವರನ್ನು ಕೌಂಟರ್ ಕಿಟಕಿಯಿಂದ ಒಳಗೆ ಬಿಡದಿರೋದೇ ಸರಿ.

ಮಾಸ್ಟ್ ಮತ್ತು ಚೈನ್

ಕರೆಂಟ್ ಹೋದಾಗ? ಜನರೇಟರ್ ಎತ್ತಿಕೊಳ್ಳುವವರೆಗೆ ಇಡೀ ಗೋಡೌನ್ ಕತ್ತಲು. ಹಳೆಯ ಮೆಟಲ್ ಹಾಲೈಡ್ ದೀಪ ಎಲ್ಲಾದರೂ ಉಳಿದಿದ್ದರೆ ಅದು ತಣ್ಣಗಾಗಿ ಮತ್ತೆ ಹತ್ತಲು ನಿಮಿಷಗಳೇ ಬೇಕು. ಅಡ್ಡದಾರಿಯಲ್ಲಿ ನಾಲ್ಕರಲ್ಲಿ ಒಂದು ದೀಪವನ್ನಾದರೂ ಇನ್ವರ್ಟರ್‌ಗೆ ಹಾಕಿ. ಕರೆಂಟ್ ಹೋದ ಕ್ಷಣ ಗಾಡಿ ಇದ್ದಲ್ಲೇ ನಿಲ್ಲಬೇಕು. ಎತ್ತಿದ ಲೋಡನ್ನು ಕತ್ತಲಲ್ಲಿ ಇಳಿಸೋದೂ ಬೇಡ, ದೀಪ ಬರಲಿ.

ದಾಬಸ್‌ಪೇಟೆ ಸ್ಟೋರ್ಸ್

ಹಾಗಾದರೆ ಈ ತಿಂಗಳು: ಅಡ್ಡದಾರಿಯಲ್ಲಿ ವೇಗ ಮಿತಿ, ಕೊನೆಯ ಬೇ ಖಾಲಿ, ಹಳದಿ ಜಾಕೆಟ್, ಲಕ್ಸ್ ಅಳತೆ. ಲೈಟಿನ ಆರ್ಡರಿನಲ್ಲಿ 4 ಗಾಡಿಗೆ ಹಿಂದೆ-ಮುಂದೆ ನೀಲಿ, ಪಕ್ಕಕ್ಕೆ ಕೆಂಪು. ರೀಚ್ ಟ್ರಕ್‌ಗೆ ನೀಲಿ ಮಾತ್ರ. ಡೀಸೆಲ್ ಗಾಡಿಗೆ?

ಮಾಸ್ಟ್ ಮತ್ತು ಚೈನ್

ಹೊರಗಿನ ಬಿಸಿಲಲ್ಲಿ ನೀಲಿ ದಂಡ. ಅದಕ್ಕೆ ಹೆಡ್‌ಲೈಟ್, ಹಿಂದಿನ ವರ್ಕ್ ಲೈಟ್, ಬೀಕನ್, ರಿವರ್ಸ್ ಹಾರ್ನ್. ಬೀಕನ್ ಬೇಕಿರೋದು ಅಲ್ಲೇ.

ಹುಬ್ಬಳ್ಳಿ ವೈರ್‌ಮನ್

ಒಂದು ಬಿಟ್ರಿ. ಲೈಟ್ ಕಟ್ಟಿದ ವಾರಕ್ಕ ಬ್ರಾಕೆಟ್ ಸಡ್ಲ ಆಗಿ ಚುಕ್ಕಿ ಗಾಡಿ ಕಡೆಗೆ ಇಳೀತೈತಿ, ಯಾರೂ ನೋಡಂಗಿಲ್ಲ. ಚಾರ್ಜಿಂಗ್ ಜಾಗಾದಾಗ ಗಾಡಿ ನಿಲ್ಲೂ ಗೆರೆಯಿಂದ ಅಳದು ಚುಕ್ಕಿ ಬೀಳೂ ಕಡೆ ನೆಲದ ಮ್ಯಾಲ ಪೇಂಟಿನ್ಯಾಗ ಒಂದು ಪ್ಲಸ್ ಗುರ್ತು ಹಾಕ್ರಿ. ಮುಂದಿಂದಕ್ಕ ಒಂದು, ಹಿಂದಿಂದಕ್ಕ ಒಂದು. ದಿನಾ ಶಿಫ್ಟ್ ಚಾಲೂ ಆಗೂ ಮುಂದ ಬ್ರೇಕ್ ಹಿಡದು ಗೇರ್ ಹಾಕಿ ನೋಡೂದು, ಚುಕ್ಕಿ ಪ್ಲಸ್ ಮ್ಯಾಲ ಇರ್ಲಿಲ್ಲ ಅಂದ್ರ ಬೋಲ್ಟ್ ಬಿಗಿ ಮಾಡೂದು. ಲೆನ್ಸಿನ ಧೂಳಾನೂ ಅವಾಗ ಒರಸ್ರಿ, ಒದ್ದಿ ಅರಬಿಲೆ. ಥಿನ್ನರ್ ಹಚ್ಚಿದ್ರ ಪ್ಲಾಸ್ಟಿಕ್ ಲೆನ್ಸ್ ಮಸಕ ಆಗ್ತೈತಿ.

ದಾಬಸ್‌ಪೇಟೆ ಸ್ಟೋರ್ಸ್

ಪ್ಲಸ್ ಗುರುತನ್ನು ಚೆಕ್‌ಲಿಸ್ಟಿಗೇ ಸೇರಿಸ್ತೀನಿ. ಲಕ್ಸ್ ಅಂಕಿ ಬಂದ ಮೇಲೆ ಇಲ್ಲೇ ಹಾಕ್ತೀನಿ, ಲೆನ್ಸ್ ಯಾವುದು ಅಂತ ಆಗ ಹೇಳಿ.